ಚುಕ್ಕಿಯ ಬಿಳಿ ಚರ್ಮ ಸುಟ್ಟಿದ್ದು ಯಾರು?

ಅಡಿಕೆ ಕೊಯ್ಲು ಶುರುವಾಯಿತೆಂದರೆ ಕೊಟ್ಟಿಗೆಗೆ ಸೊಪ್ಪು ತರಲು ಆಳೆಲ್ಲಿ ಸಿಗುತ್ತಾರೆ? ಶೆಟ್ಟಿಕೊಪ್ಪದ ರಾಧಮ್ಮನಿಗೂ ಅದೇ ಫಜೀತಿ. ಹಸುವಿನ ಕಾಲಡಿ ಸೊಪ್ಪು ಹಾಸದಿದ್ದರೆ ಗೊಬ್ಬರವಿಲ್ಲ, ಗುಡ್ಡ ಹತ್ತಿ ಕಡಿದು ತರುವವರಿಲ್ಲ. ಕೊನೆಗೆ ಬೇಲಿ ಮೇಲೆ ಹಬ್ಬಿದ್ದ ಲಂಟಾನವನ್ನೇ, ಅದೇ ಕೆಂಪು ಹಳದಿ ಗೊಂಚಲು ಹೂವಿನ ಮುಳ್ಳುಗಿಡವನ್ನೇ, ಎರಡು ಹೊರೆ ಕಡಿದು ಕೊಟ್ಟಿಗೆಗೆ ತಂದಳು.

ಪಕ್ಕದ ಮನೆಯ ಕೃತಿಕಾ ಬೇಲಿಯಾಚೆಯಿಂದ ನೋಡಿದಳು. ಆಕೆ ಮಹಿಳಾ ಸಂಘದ ಪಶುಸಖಿ. ದನಕರುಗಳ ಆರೋಗ್ಯದ ಬಗ್ಗೆ ತರಬೇತಿ ಪಡೆದವಳು.

"ರಾಧಕ್ಕಾ, ಅದನ್ನ ಹಾಸ್ಬೇಡಿ. ಲಂಟಾನ ದನಕ್ಕೆ ವಿಷ."

"ಹಾಸಕ್ಕೆ ಮಾರಾಯ್ತಿ, ತಿನ್ನಕ್ಕಲ್ಲ. ಆ ವಾಸನೆಗೆ ನಮ್ಮ ಚುಕ್ಕಿ ಮೂಸಿನೂ ನೋಡಲ್ಲ."

"ಹೊಟ್ಟೆ ತುಂಬಿದ್ರೆ ಮೂಸಲ್ಲ. ಹಸಿದಿದ್ರೆ?"

"ದನ ಸಾಕೋದು ನಂಗೆ ಕಲಿಸ್ತೀಯಾ?" ಎಂದು ರಾಧಮ್ಮ ನಕ್ಕಳು. ಆ ನಗು ಎಷ್ಟು ದುಬಾರಿಯಾಯಿತೆಂದು ಮುಂದೆ ಕೇಳಿ.

ಕೊಯ್ಲಿನ ಗಡಿಬಿಡಿ. ಗಂಡ ಸುಬ್ಬಯ್ಯ, ರಾಧಮ್ಮ ಇಬ್ಬರೂ ಬೆಳಗ್ಗೆಯೇ ತೋಟಕ್ಕೆ. ಚುಕ್ಕಿಗೆ ಹುಲ್ಲು ಬೀಳುವಾಗ ಮಧ್ಯಾಹ್ನ ದಾಟುತ್ತಿತ್ತು. ಎರಡು ದಿನ ಹೀಗೇ ನಡೆಯಿತು. ಕಾಲಡಿಯ ಸೊಪ್ಪು ಕಮ್ಮಿಯಾಗಿದ್ದನ್ನು ಯಾರೂ ಗಮನಿಸಲಿಲ್ಲ.

ಮೂರನೇ ದಿನ ಚುಕ್ಕಿ ಹುಲ್ಲು ಮುಟ್ಟಲಿಲ್ಲ. ಬಯಲಲ್ಲಿ ಮೇಯಲೆಂದು ಬಿಟ್ಟರೆ ನೆರಳು ಹುಡುಕಿಕೊಂಡು ಬೇಲಿ ನುಗ್ಗಿ ಕೃತಿಕಾಳ ತರಕಾರಿ ಮಡಿಗೆ ಹೋಯಿತು. ಕೃತಿಕಾ ಹಚಾ ಹಚಾ ಎಂದು ಅಟ್ಟಿದಳು. ಸಂಜೆ ನೋಡಿದರೆ ಚುಕ್ಕಿಯ ಮೂಗು, ಕೆಚ್ಚಲು, ಮೈಮೇಲಿನ ಬಿಳಿ ಮಚ್ಚೆಗಳೆಲ್ಲ ಕೆಂಪಗೆ ಊದಿವೆ! ಮಾರನೇ ದಿನ ಅಲ್ಲಿಯ ಚರ್ಮ ಸುಲಿಯತೊಡಗಿತು.

"ಬಿಸಿನೀರು ಎರಚಿದಾಳೆ ಆ ಕೃತಿಕಾ!" ಎಂದು ರಾಧಮ್ಮ ಕೂಗಾಡಿದಳು.

"ಬಿಸಿನೀರು ಬಿಳಿ ಜಾಗನೇ ಹುಡುಕಿ ಬೀಳ್ತದಾ? ಕಪ್ಪು ಜಾಗಕ್ಕೆ ಎಂತದೂ ಆಗಿಲ್ಲ ನೋಡೇ" ಎಂದ ಸುಬ್ಬಯ್ಯ.

ಸಿಟ್ಟು ಬಂದವರಿಗೆ ಇಂಥ ಮಾತು ಎಲ್ಲಿ ಕೇಳಿಸುತ್ತದೆ? ಕೃತಿಕಾ ಗೇಟಿನ ತನಕ ಬಂದು, "ಅಕ್ಕಾ, ಮೊದ್ಲು ಹಸುನ ನೆರಳಿಗೆ ಕಟ್ಟಿ. ನಾನು ಡಾಕ್ಟ್ರಿಗೆ ಫೋನ್ ಮಾಡ್ತೀನಿ" ಎಂದಳು.

"ಸುಟ್ಟೋಳೇ ಮದ್ದು ಹೇಳಕ್ಕೆ ಬಂದ್ಯಾ?" ಎಂದು ರಾಧಮ್ಮ ಗೇಟು ಹಾಕಿಕೊಂಡಳು. ಕೃತಿಕಾ ಮುಖ ಕೆಂಪು ಮಾಡಿಕೊಂಡು ಹಿಂತಿರುಗಿದಳು. ಗಾಯ ಬೇಗ ಒಣಗಲಿ ಎಂದು ರಾಧಮ್ಮ ಮೂರು ದಿನ ಚುಕ್ಕಿಯನ್ನು ಅಂಗಳದ ಬಿಸಿಲಲ್ಲಿ ಕಟ್ಟಿದಳು. ಪ್ರೀತಿಯಿಂದಲೇ ಕಟ್ಟಿದಳು, ಪಾಪ.

ಬಿಸಿಲಿಗೆ ಕಟ್ಟಿದ ನಾಲ್ಕನೇ ದಿನ ಹಸುವಿನ ಕಣ್ಣು ಅರಿಶಿನದ ಹಾಗೆ ಹಳದಿಯಾಗಿತ್ತು. ಸುಬ್ಬಯ್ಯ ಹೆಂಡತಿಯನ್ನು ಕೇಳದೆ ಫೋನ್ ಮಾಡಿದ. ಪಶುವೈದ್ಯರು ಬಂದು ಹಸುವನ್ನು ನೋಡಿದರು, ಕೊಟ್ಟಿಗೆಗೆ ಹೋಗಿ ಎಲೆಯಿಲ್ಲದ ಲಂಟಾನದ ಕಡ್ಡಿಯೊಂದನ್ನು ಎತ್ತಿ ತಂದರು.

"ಯಾರೂ ಎಂತದೂ ಎರಚಿಲ್ಲಮ್ಮ. ಹಸು ಇದರ ಎಲೆ ತಿಂದಿದೆ. ಆ ವಿಷ ಪಿತ್ತಜನಕಾಂಗಕ್ಕೆ ಹೊಡೀತದೆ, ಪಿತ್ತ ಹರಿಯೋದು ನಿಲ್ತದೆ. ಹಸು ಹಸಿರು ತಿಂದಾಗ ಹೊಟ್ಟೇಲಿ ಒಂದು ವಸ್ತು ಹುಟ್ತದೆ. ಅದು ದಿನಾ ಪಿತ್ತದ ಜೊತೆ ಹೊರಗೆ ಹೋಗ್ತದೆ. ಪಿತ್ತ ನಿಂತ್ರೆ ಅದು ರಕ್ತಕ್ಕೆ ಸೇರ್ತದೆ. ಆಮೇಲೆ ಬಿಸಿಲು ಬಿದ್ರೆ ಸಾಕು, ಬಿಳಿ ಚರ್ಮ ಸುಡ್ತದೆ. ಕಪ್ಪು ಚರ್ಮ ತಡ್ಕೊಳ್ತದೆ."

"ಉಳೀತದಾ ಡಾಕ್ಟ್ರೇ?" ಎಂದು ಕೇಳಿದಳು ರಾಧಮ್ಮ.

"ಮೊದಲ್ನೇ ದಿನ ಕರ್ದಿದ್ರೆ ಹೊಟ್ಟೇಲಿರೋ ವಿಷ ಹೀರೋ ಇದ್ದಿಲಿನ ಔಷಧಿ ಕೊಡಬಹುದಿತ್ತು. ಈಗ ತಡವಾಗಿದೆ. ಆದ್ರೂ ನೋಡ್ತೀನಿ."

ಅವರು ಕೈಲಾದದ್ದೆಲ್ಲ ಮಾಡಿದರು. ಡ್ರಿಪ್ ಹಾಕಿದರು, ನೆರಳಿಗೆ ಕಟ್ಟಿಸಿದರು. ಐದು ದಿನ ಕಷ್ಟಪಟ್ಟು ಚುಕ್ಕಿ ಸತ್ತಿತು. ಬೇರೆ ಗೂಟಕ್ಕೆ ಕಟ್ಟಿದ್ದ ಅದರ ಎಳೆಗರು ಮಾತ್ರ ಉಳಿಯಿತು.

ತೋಟದ ಮೂಲೆಯಲ್ಲಿ ಮಣ್ಣು ಮಾಡಿ ಬಂದ ಮೇಲೆ ರಾಧಮ್ಮ ನೇರ ಕೃತಿಕಾಳ ಮನೆಗೆ ಹೋದಳು. "ಸೊಪ್ಪು ಹಾಸಿದ್ದು ನಾನು, ಬಿಸಿಲಿಗೆ ಕಟ್ಟಿದ್ದೂ ನಾನು. ಬೈದಿದ್ದು ಮಾತ್ರ ನಿಂಗೆ. ನಿನ್ನ ಮಾತು ಕೇಳಿದ್ರೆ ಅದು ಇವತ್ತು ಇರ್ತಿತ್ತು ಕಣೇ."

ಕೃತಿಕಾಳ ಕಣ್ಣೂ ತುಂಬಿತು. "ನಂದೂ ತಪ್ಪಿದೆ ಅಕ್ಕಾ. ನೀವು ಗೇಟು ಹಾಕಿದ್ರೂ ನಾನು ಡಾಕ್ಟ್ರಿಗೆ ಫೋನ್ ಮಾಡ್ಬಹುದಿತ್ತು. ಸಿಟ್ಟು ಮಾಡ್ಕೊಂಡು ಸುಮ್ನಾದೆ."

ಅಂದೇ ಇಬ್ಬರೂ ಸೇರಿ ಕೊಟ್ಟಿಗೆಯ ಲಂಟಾನವನ್ನೆಲ್ಲ ಹೊರಗೆಳೆದು ದನ ಮುಟ್ಟದ ಕಡೆ ಹಾಕಿದರು. ಚುಕ್ಕಿಯ ಕರುವಿಗೆ ಈಗ ಒಣ ಎಲೆ ಹಾಸುತ್ತಾರೆ. ಎಷ್ಟೇ ಕೆಲಸವಿರಲಿ, ಅದಕ್ಕೆ ಹುಲ್ಲು ಹಾಕದೆ ಸುಬ್ಬಯ್ಯ ತೋಟಕ್ಕೆ ಇಳಿಯುವುದಿಲ್ಲ.

ಓದುವ ಅಕ್ಕಂದಿರೇ, ಅಣ್ಣಂದಿರೇ, ಲಂಟಾನವನ್ನು ದನಕ್ಕೆ ಹಾಕಬೇಡಿ, ಹಾಸಲೂಬೇಡಿ. ಹಸುವಿನ ಬಿಳಿ ಚರ್ಮ ಸುಟ್ಟಂತಾದರೆ, ಕಣ್ಣು ಹಳದಿಯಾದರೆ, ಮೊದಲು ನೆರಳಿಗೆ ಕಟ್ಟಿ, ಆ ಗಳಿಗೆಯಲ್ಲೇ ಪಶು ಆಸ್ಪತ್ರೆಗೆ ಅಥವಾ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಯಾರು ಮಾಡಿದರು ಎಂದು ಆಮೇಲೆ ವಿಚಾರಿಸಬಹುದು. ರಾಧಮ್ಮ ಈಗ ಸಂಘದ ಸಭೆಯಲ್ಲಿ ಎದ್ದು ನಿಂತು ಇದನ್ನೇ ಹೇಳುತ್ತಾಳೆ, ಮೂರು ದಿನ ಬಿಸಿಲಿಗೆ ಕಟ್ಟಿದ ಮಾತು ಬಂದಾಗ ಅರ್ಧಕ್ಕೇ ನಿಲ್ಲಿಸಿ ಕೂತುಬಿಡುತ್ತಾಳೆ. ಅವಳು ಮುಗಿಸಲಾಗದ್ದನ್ನು ನಾವು ಹೇಳುತ್ತಿದ್ದೇವೆ: ಈ ಹಾಳೆ ಕೆಳಗಿಟ್ಟು ಈಗಲೇ ಕೊಟ್ಟಿಗೆಗೆ ಹೋಗಿ, ನಿಮ್ಮ ಹಸುವಿನ ಕಾಲಡಿ ಯಾವ ಸೊಪ್ಪಿದೆ ನೋಡಿ.