ಎರಡು ಬಟ್ಟಲು, ಒಂದು ಹಿಡಿ ತೊಗರಿ

ಸೀಡಿಗಳ ಕಾಲವದು. ವಾಡಿ ಪಟ್ಟಣದ ಚಾಂದನ ಅಂಗಡಿಯಲ್ಲಿ ಟೀವಿ ಧಾರಾವಾಹಿಯ ಸೀಡಿಗಳ ಇಡೀ ಕಟ್ಟೇ ಬಾಡಿಗೆಗೆ ಸಿಗುತ್ತಿತ್ತು. ಎರಡು ದಿನದಲ್ಲಿ ಹಿಂದಿರುಗಿಸಬೇಕು. ಹಾಗಾಗಿ ಗಂಡ ರಮೇಶಕುಮಾರ ಸಿಮೆಂಟ್ ಕಾರ್ಖಾನೆಗೆ ಹೋದದ್ದೇ ತಡ, ಸರಿತಾ ಟೀವಿ ಮುಂದೆ ಕುಳಿತುಬಿಡುತ್ತಿದ್ದಳು. ಹಂಚಿನ ಮೇಲೆ ರೊಟ್ಟಿ ಕರಕಾಗುತ್ತಿತ್ತು. ಮಗಳು ಭಾಗ್ಯವಂತಿ ಏನೋ ಹೇಳಲು ಬಂದರೆ, ಈ ಭಾಗ ಮುಗಿಯಲಿ ಎನ್ನುತ್ತಿದ್ದಳು. ಅದು ಮುಗಿದೊಡನೆ ಇನ್ನೊಂದು ಶುರು.

ಒಂದು ಮಧ್ಯಾಹ್ನ ಓಣಿಯ ಅಂಗನವಾಡಿ ಟೀಚರ್ ಸರಸ್ವತಿಬಾಯಿ ಬಂದರು.

"ನಿನ್ನ ಮಗಳಿಗೆ ಶಾಲ್ಯಾಗ ಬೋರ್ಡು ಕಾಣವಲ್ದಂತ. ನಿನಗ ಮೂರು ಸಲ ಹೇಳಿ ಸಾಕಾಗಿ, ನನಗ ಬಂದು ಹೇಳ್ಯಾಳ."

ಮಗಳ ಮಾತು ಬೇರೆ ಮನೆ ಸುತ್ತಿ ಸರಿತಾಳಲ್ಲಿಗೆ ಬಂದಿತ್ತು. ಆದರೂ ಬಿಟ್ಟುಕೊಡಲಿಲ್ಲ. "ನಾ ಏನ್ ಶೆರೆ ಕುಡೀತೀನೇನ್ರಿ ಬಾಯಾರ? ನನ್ನ ಮನ್ಯಾಗ ಕುಂತು ಟೀವಿ ನೋಡ್ತೀನಿ."

ಸರಸ್ವತಿಬಾಯಿ ಬೈಯಲಿಲ್ಲ. ತಮಗೂ ಧಾರಾವಾಹಿ ಎಂದರೆ ಇಷ್ಟವೇ ಎಂದರು. "ಖರೆ ಹೇಳು. ಒಂದು ಭಾಗ ಅಂತ ಕುಂತು ನಾಕು ನೋಡ್ತಿ. ಕರೆಂಟ್ ಹೋದ್ರ ಹುಡುಗಿ ಮ್ಯಾಲ ಸಿಟ್ಟಿಗೇಳ್ತಿ. ಗಂಡ ಕೇಳಿದ್ರ ಕಮ್ಮಿ ಹೇಳ್ತಿ. ಹೌದಿಲ್ಲೊ?"

ಸರಿತಾ ಎದ್ದು ಟೀವಿ ಆರಿಸಿದಳು.

ಸರಸ್ವತಿಬಾಯಿ ಎರಡು ಬಟ್ಟಲು, ಒಂದು ಹಿಡಿ ತೊಗರಿ ತರಿಸಿದರು. ಒಂದೊಂದು ಭಾಗ ಹಚ್ಚುವ ಮೊದಲು ಒಂದೊಂದು ಕಾಳು. ಖುಷಿಗೆ ಕುಳಿತರೆ ಸ್ಟೀಲ್ ಬಟ್ಟಲಿಗೆ, ಏನನ್ನಾದರೂ ಮರೆಯಲು ಕುಳಿತರೆ ಹಿತ್ತಾಳೆಯದಕ್ಕೆ ಹಾಕಬೇಕು ಎಂದರು.

ಮರುದಿನವೇ ಸರಿತಾ ಮಗಳನ್ನು ಗುಲಬರ್ಗಾಕ್ಕೆ ಕರೆದೊಯ್ದು ಕಣ್ಣು ತೋರಿಸಿದಳು. ಕನ್ನಡಕ ಬರಲು ಎಂಟು ದಿನ ಬೇಕಿತ್ತು. ಅಷ್ಟರಲ್ಲಿ ಸ್ಟೀಲ್ ಬಟ್ಟಲಲ್ಲಿ ಆರು ಕಾಳು ಬಿದ್ದಿದ್ದವು. ಹಿತ್ತಾಳೆಯದರ ತಳ ಕಾಣುತ್ತಿರಲಿಲ್ಲ.

ಅದನ್ನು ಮಡಿಲಲ್ಲಿಟ್ಟುಕೊಂಡು ಅವಳು ಕಾಳುಗಳಲ್ಲಿ ಬೆರಳಾಡಿಸಿದಳು. ಅತ್ತೆಯ ನೆನಪಾಯಿತು. ಅತ್ತೆ ಪೀರಮ್ಮ ಇದ್ದಾಗ ಮಧ್ಯಾಹ್ನವೆಲ್ಲ ಇಬ್ಬರೂ ಬೇಳೆ ಹಸನು ಮಾಡುತ್ತ ನಗುತ್ತಿದ್ದರು. ಅತ್ತೆ ತೀರಿ ವರ್ಷವಾಗಿತ್ತು. ಅಂದಿನಿಂದ ಮಧ್ಯಾಹ್ನವೆಂದರೆ ಅವಳಿಗೆ ಹೆದರಿಕೆ. ಅದನ್ನು ಯಾರಿಗೂ ಹೇಳಿರಲಿಲ್ಲ, ತನಗೂ.

ಮರುದಿನದಿಂದ ಮೊರ ಹಿಡಿದು ಸರಸ್ವತಿಬಾಯಿಯ ಮನೆಯ ಕಟ್ಟೆಗೆ ಹೋಗತೊಡಗಿದಳು. ಅತ್ತೆಯ ಮಾತು ತೆಗೆದು ಅಳುತ್ತಿದ್ದಳು, ನಗುತ್ತಿದ್ದಳು. ಧಾರಾವಾಹಿ ದಿನಕ್ಕೆ ಒಂದೇ ಭಾಗ. ಶಾಲೆ ಬಿಡುವ ಹೊತ್ತಿಗೆ ಬಾಗಿಲಲ್ಲಿ ನಿಂತಿರುತ್ತಿದ್ದಳು.

ಒಂದು ದಿನ ಹೊಸ ಕನ್ನಡಕ ಹಾಕಿಕೊಂಡು ಭಾಗ್ಯವಂತಿ ಶಾಲೆಯಿಂದ ಓಡಿಬಂದಳು. "ಅವ್ವಾ, ಓಣಿ ತುದಿಯಿಂದನೇ ಕಂಡಿ. ನನ್ನ ದಾರಿ ನೋಡ್ಲಿಕತ್ತಿದ್ದಿ."

ಸರಿತಾ ಆ ಸಂಜೆ ಸರಸ್ವತಿಬಾಯಿಗೆ ಬಿಸಿ ರೊಟ್ಟಿ ಒಯ್ದು ಕೊಟ್ಟಳು. ಒಂದೂ ಕರಕಾಗಿರಲಿಲ್ಲ.

ತಾಯಂದಿರೇ, ಟೀವಿ ನೋಡಿ, ನಗಿರಿ. ಆದರೆ ಹಚ್ಚುವ ಮುನ್ನ ಒಂದು ಕಾಳು ಕೈಗೆ ತೆಗೆದುಕೊಳ್ಳಿ. ಅದು ಯಾವ ಬಟ್ಟಲಿಗೆ ಬೀಳುತ್ತದೆ ಎಂದು ನೀವೇ ನೋಡಿ. ಹಿತ್ತಾಳೆಯದು ತುಂಬುತ್ತಿದ್ದರೆ ಒಬ್ಬರ ಮುಂದಾದರೂ ಮನಸ್ಸು ಬಿಚ್ಚಿ.