ದೊಡ್ಡಮ್ಮನ ಕಲ್ಲುಬಾನಿ

ರಕ್ತ ಬೀಳುವುದಿಲ್ಲ ಎಂದು ಧರಣಿ ಮಾತು ಕೊಟ್ಟಿದ್ದಳು. ಬಾಯಿಬಿಟ್ಟು ಕೊಟ್ಟದ್ದು ಮನುಷ್ಯರಿಗೆ. ಕೋತಿಗಳಿಗೂ ಅದೇ ಮಾತು ಸಂದಿದೆ ಎಂದು ಮನಸ್ಸಿನಲ್ಲೇ ಅಂದುಕೊಂಡಿದ್ದಳು.

ರಾಮಕೃಷ್ಣನಗರದ ಆ ಪಾರ್ಕಿನ ಸುತ್ತಲಿನ ಜನ ಬೇಸಿಗೆ ಬಂತೆಂದರೆ ಕೋತಿಗಳ ಮೇಲೆ ಹಲ್ಲು ಮಸೆಯುತ್ತಿದ್ದರು. ಅದರಲ್ಲಿ ತಪ್ಪೂ ಇಲ್ಲ. ದಿನ ಬಿಟ್ಟು ದಿನ ಬರುವ ನಲ್ಲಿ ನೀರನ್ನು ಟ್ಯಾಂಕಿಗೆ ಏರಿಸಿಟ್ಟರೆ, ಕೋತಿಗಳು ಮುಚ್ಚಳ ಕಿತ್ತೆಸೆದು, ಕುಡಿದು, ಇಳಿದು ಈಜಾಡಿ, ಕೊನೆಗೆ ಅದರಲ್ಲೇ ಉಚ್ಚೆ ಹೊಯ್ದು ಹೋಗುತ್ತಿದ್ದವು. ಅಂಥ ನೀರಲ್ಲಿ ಬಾಯಿ ಮುಕ್ಕಳಿಸಿದವರಿಗೆ ಪ್ರಾಣಿದಯೆ ಬೋಧಿಸಲು ಹೋದರೆ ಯಾರು ತಾನೇ ಕೇಳುತ್ತಾರೆ? ಒಂದು ಬೇಸಿಗೆಯಲ್ಲಿ ಯಾರೋ ಪುಣ್ಯಾತ್ಮರು ಬಾಳೆಹಣ್ಣಿಗೆ ಇಲಿಪಾಷಾಣ ಸವರಿ ಟೆರೇಸಿನ ಮೇಲಿಟ್ಟರು. ಒಂದು ಮರಿ ಬಾಯಲ್ಲಿ ನೊರೆ ಕಾರುತ್ತ, ಕಿಟಕಿಯ ಮೇಲಿನ ಸಜ್ಜದಲ್ಲಿ ಒದ್ದಾಡಿ ಒದ್ದಾಡಿ ಸತ್ತಿತು. ತಾಯಿ ಆ ಹೆಣವನ್ನು ಕೊಳೆಯುವ ತನಕ ಹೊತ್ತು ತಿರುಗಿತು.

ಧರಣಿ ಬಂದದ್ದು ಅದಾದ ಮೇಲೆ. ಊರಿನ ನೀರಿನ ಹಂಚಿಕೆ ಏರುಪೇರಾದಾಗ ಪ್ರಾಣಿಗಳ ನಡವಳಿಕೆ ಹೇಗೆ ಬದಲಾಗುತ್ತದೆ ಎಂಬುದು ಅವಳ ಸಂಶೋಧನೆ. ಮೇಟಗಳ್ಳಿಯ ಮನೆಯಿಂದ ಬೆಳಗಾಗುತ್ತಲೇ ಸ್ಕೂಟರಿನಲ್ಲಿ ಬಂದು, ಸಂಜೆಯವರೆಗೂ ಕೋತಿಗಳ ಹಿಂದೆ ಅಲೆಯುತ್ತಿದ್ದಳು. ಅಲ್ಲಿದ್ದದ್ದು ಎರಡು ಗುಂಪು. ಪಾರ್ಕಿನ ಮೇಲ್ಗಡೆ ಬೇವಿನ ಮರದ ಗುಂಪು, ಕೆಳಗಡೆ ಅರಳಿ ಮರದ ಗುಂಪು. ಪಾರ್ಕು ನಡುವಿನ ಗಡಿ. ಯಾವ ಗುಂಪೂ ಅದನ್ನು ದಾಟುತ್ತಿರಲಿಲ್ಲ.

ಬೇವಿನ ಗುಂಪಿನ ಯಜಮಾನಿ ಕಿವಿ ಹರಿದ ಒಂದು ಮುದಿ ಹೆಣ್ಣು ಕೋತಿ. ಮೇಲ್ಗಡೆ ಬೀದಿಯಲ್ಲಿ ರವಿಕೆ ಹೊಲಿಯುವ ಪದ್ಮಾವತಿ ಅದಕ್ಕೆ ದೊಡ್ಡಮ್ಮ ಎಂದು ಹೆಸರಿಟ್ಟಿದ್ದಳು. "ನಮ್ ದೊಡ್ಡಮ್ಮನೂ ಇಂಗೇ ಕಣಮ್ಮ, ಸೊಂಟದ ಮೇಲೆ ಕೈ ಇಟ್ಕೊಂಡು ಎಲ್ಲಾರ್ನೂ ಗದರೋರು" ಎಂದು ನಗುತ್ತಿದ್ದಳು. ಮೊದಲು ಧರಣಿಯನ್ನು ಕಂಡರೆ ದೊಡ್ಡಮ್ಮ ಹಲ್ಲು ಕಿರಿಯುತ್ತಿತ್ತು. ಆಮೇಲೆ ನಿರ್ಲಕ್ಷಿಸಿತು. ಆಮೇಲಾಮೇಲೆ ಪಕ್ಕದಲ್ಲೇ ಕೂತು ಹೇನು ಹೆಕ್ಕತೊಡಗಿತು. ಬೀದಿನಾಯಿಗಳು ಅಟ್ಟಿಸಿಕೊಂಡು ಬಂದ ಒಂದು ದಿನವಂತೂ ಮರಕ್ಕೆ ಓಡುವ ಬದಲು ಧರಣಿಯ ಕಾಲ ಹಿಂದೆ ಬಂದು ಅವಿತಿತ್ತು. ಧರಣಿ ಕಲ್ಲು ಬೀಸಿ ನಾಯಿಗಳನ್ನು ಓಡಿಸಿದ್ದಳು. ಸಂಶೋಧಕಿ ಮಾಡಬಾರದ ಕೆಲಸ ಅದು. ಮಾಡಿ ಖುಷಿಪಟ್ಟಳು.

ಬೇವಿನ ಮರದ ಬುಡದಲ್ಲಿ ಒಂದು ಹಳೆಯ ಕಲ್ಲುಬಾನಿ ಇರಿಸಿ, ಬೀದಿಯವರು ಸರದಿಯ ಮೇಲೆ ನೀರು ತುಂಬಬೇಕು ಎಂಬ ಉಪಾಯ ಅವಳದೇ. ಇನ್ನು ರಕ್ತ ಬೀಳುವುದಿಲ್ಲ ಎಂದು ಮಾತು ಕೊಟ್ಟದ್ದೂ ಆಗಲೇ. ಉಪಾಯ ಫಲಿಸಿತು. ಮೇಲ್ಗಡೆಯ ಟ್ಯಾಂಕುಗಳ ಮುಚ್ಚಳಗಳು ಇದ್ದಲ್ಲೇ ಇದ್ದವು. ಆದರೆ ಕೆಳಗಡೆಯವರ ಟ್ಯಾಂಕುಗಳನ್ನು ಅರಳಿ ಗುಂಪು ಹಾಳುಗೆಡವುತ್ತಲೇ ಇತ್ತು. ಎರಡನೆಯ ಬಾನಿ ಅರಳಿ ಮರದ ಬುಡಕ್ಕೆ ಇಡಬೇಕು, ಎರಡು ಗುಂಪಿಗೆ ಎರಡು ಬಾನಿ, ಅಷ್ಟೇ ಪರಿಹಾರ ಎಂದು ಧರಣಿಗೆ ಚೆನ್ನಾಗಿ ಗೊತ್ತಿತ್ತು.

ಅದಕ್ಕಾಗಿ ಪಾರ್ಕಿನಲ್ಲೇ ಸಭೆ ಸೇರಿತು. ಸಂಶೋಧನೆಗೆ ಹಣ ಕೊಡುವ ಸಂಸ್ಥೆಯವರೂ ಅಂದು ಬಂದು ಕುರ್ಚಿಯಲ್ಲಿ ಕೂತಿದ್ದರು. ಪಾರ್ಕ್ ಸಮಿತಿಯ ಅಧ್ಯಕ್ಷ ಶಿವರಾಮು ಎದ್ದು ನಿಂತ. ಕೆಳಗಡೆ ಬೀದಿಯಲ್ಲಿ ಪಂಪಿನ ಮೋಟರ್ ರಿಪೇರಿ ಅಂಗಡಿ ಅವನದು. ಗಟ್ಟಿ ಆಳು, ಶನಿವಾರ ತಪ್ಪದೆ ಆಂಜನೇಯನಿಗೆ ವಡೆಹಾರ ಹಾಕಿಸುವವನು.

"ನಮ್ ಕಡೆಗೂ ಬಾನಿ ಬೇಕೇ ಬೇಕು ಮೇಡಂ," ಎಂದ. "ಆದ್ರೆ ಅರಳಿ ಮರದ ಎದುರಿಗೇ ನಮ್ ಮನೆ. ಆ ಹೇಲು, ಆ ಗಲಾಟೆ ನಮಗ್ ಬ್ಯಾಡ."

ಮತ್ತೊಬ್ಬರ ಮನೆಯ ಎದುರು? ಅವರಿಗೂ ಬೇಡ. ಎಲ್ಲರಿಗೂ ಬಾನಿ ಬೇಕು, ತಮ್ಮ ಬಾಗಿಲಿಗೆ ಮಾತ್ರ ಬೇಡ. ಕೊನೆಗೆ ಶಿವರಾಮುವೇ ಸೂಚಿಸಿದ: ಇರುವ ಬಾನಿಯನ್ನೇ ತಂದು ಪಾರ್ಕಿನ ನಟ್ಟನಡುವೆ ಇಟ್ಟುಬಿಡೋಣ, ಆ ಕಡೆಯವಕ್ಕೂ ಆಯ್ತು, ಈ ಕಡೆಯವಕ್ಕೂ ಆಯ್ತು. ಜನ ಕೈ ಎತ್ತಿದರು. ಚಪ್ಪಾಳೆ ಬಿತ್ತು. ಕುರ್ಚಿಯಲ್ಲಿದ್ದವರು ಫೋಟೊ ತೆಗೆದುಕೊಂಡರು.

ಪದ್ಮಾವತಿ ಒಬ್ಬಳೇ ಕೇಳಿದಳು, "ನಡುಮಧ್ಯ ಇಟ್ರೆ ಎರಡೂ ಗುಂಪು ಕಚ್ಚಾಡಲ್ವೇನಮ್ಮ?"

ಕಚ್ಚಾಡುತ್ತವೆ ಎಂದು ಹೇಳಬೇಕಿತ್ತು. ಗಡಿಯ ಮೇಲೆ ನೀರಿಟ್ಟರೆ ಹೆಣ ಬೀಳುತ್ತದೆ ಎಂದು ಹೇಳಬೇಕಿತ್ತು. ಆದರೆ ಜನರೇ ಕೂಡಿ ತೀರ್ಮಾನ ಮಾಡಬೇಕು ಎಂದು ವರ್ಷಗಟ್ಟಲೆ ಅವರ ತಲೆ ತಿಂದವಳು ಇವಳೇ. ಈಗ ಜನ ತೀರ್ಮಾನ ಮಾಡಿದ್ದಾರೆ, ಅದೂ ಸಂಸ್ಥೆಯವರ ಕಣ್ಣೆದುರಿಗೆ. ಬೇಡ ಅನ್ನುವುದು ಹೇಗೆ? ಚಪ್ಪಾಳೆಯ ರುಚಿ ಕೆಟ್ಟದ್ದು.

"ನೋಡೋಣ, ಹೊಂದ್ಕೋತವೆ" ಎಂದಳು ಧರಣಿ.

ಬಾನಿಯನ್ನು ಪಾರ್ಕಿನ ನಡುವೆ ತಂದಿಟ್ಟ ಮೊದಲ ಶನಿವಾರ ಬೆಳಿಗ್ಗೆ ಊರಿಗೆ ನೀರು ಬಂದಿರಲಿಲ್ಲ. ಯಾವ ಟೆರೇಸಿನ ಮೇಲೂ ಹನಿ ನೀರಿಲ್ಲ. ಶಿವರಾಮುವಿನ ತಮ್ಮ ಅಮರ್ ಪಾರ್ಕಿನ ಬೋರ್‌ವೆಲ್ಲಿನಿಂದ ಪೈಪು ಎಳೆದು ಬಾನಿ ತುಂಬಿಸುತ್ತಿದ್ದ. ಬೇವಿನ ಗುಂಪು ಮೊದಲು ಬಂತು. ಎಳೆಯ ತಾಯಂದಿರು, ಮರಿಗಳು, ಹಿಂದೆ ದೊಡ್ಡಮ್ಮ. ಅವು ಬಾಯಿ ಇಟ್ಟಿದ್ದವಷ್ಟೆ, ಕೆಳಗಡೆಯ ಕಾಂಪೌಂಡ್ ಹಾರಿ ಅರಳಿ ಗುಂಪು ನುಗ್ಗಿತು.

ಧರಣಿ ಕೋತಿಗಳ ಜಗಳ ಬೇಕಾದಷ್ಟು ನೋಡಿದ್ದಳು. ಹಲ್ಲು ಕಿರಿಯುವುದು, ಬೆನ್ನಟ್ಟುವುದು, ಒಂದೆರಡು ಗೀರು, ಅಷ್ಟೆ. ಇದು ಅದಲ್ಲ. ಬಾಯಾರಿಕೆಯಿಂದ ಹುಚ್ಚೆದ್ದ ಪ್ರಾಣಿಗಳು ಒಂದರ ಮೇಲೊಂದು ಬಿದ್ದವು. ಕೂದಲು ಹಾರಿತು, ಚರ್ಮ ಹರಿಯಿತು. ಅರಳಿ ಗುಂಪಿನ ದಪ್ಪ ಗಂಡೊಂದು ಎಳೆಯ ತಾಯಿಯ ಎದೆಯಿಂದ ಮರಿಯನ್ನು ಕಿತ್ತು, ಕುತ್ತಿಗೆಗೆ ಕೋರೆ ಇಳಿಸಿ, ಒದ್ದೆ ಬಟ್ಟೆ ಕೊಡವಿದಂತೆ ಕೊಡವಿತು. ಮರಿ ಬಾನಿಯೊಳಗೆ ಬಿತ್ತು. ನೀರು ಕೆಂಪಾಯಿತು. ದೊಡ್ಡಮ್ಮ ಆ ಗಂಡಿನ ಮುಖಕ್ಕೇ ಹಾರಿ ಕೆನ್ನೆಯ ಮಾಂಸ ಕಿತ್ತಿತು.

ಅಮರ್ ಬಿಡಿಸಲು ಹೋದ. ಪೈಪಿನ ನೀರನ್ನು ರಭಸದಿಂದ ಅವುಗಳ ಮೇಲೆ ಹಾಯಿಸಿದ. ಆ ಗಂಡು ತಿರುಗಿ ಅವನ ಮೀನಖಂಡಕ್ಕೆ ಬಾಯಿ ಹಾಕಿತು. ಒಂದು ಸಲ ಅಲ್ಲ, ಮೂಳೆ ಸಿಗುವ ತನಕ. ಅಮರ್ ಅರಚಿದ ಅರಚಾಟಕ್ಕೆ ಎರಡೂ ಬೀದಿಯ ಬಾಗಿಲು ತೆರೆದವು. ಬಾಯಿ ಬಿಟ್ಟ ಮೀನಖಂಡದಿಂದ ರಕ್ತ ಚಿಮ್ಮುತ್ತಿತ್ತು.

ಶಿವರಾಮು ಕಬ್ಬಿಣದ ಪೈಪು ಹಿಡಿದೇ ಓಡಿ ಬಂದ. ಅವನ ಹಿಂದೆ ಬ್ಯಾಟು, ದೊಣ್ಣೆ, ಹಾರೆ. ಕಚ್ಚಿದ ಗಂಡು ಅಷ್ಟರಲ್ಲಿ ಅರಳಿ ಮರದ ತುದಿ ಸೇರಿತ್ತು. ಉಳಿದವೂ ದಿಕ್ಕಾಪಾಲಾಗಿದ್ದವು. ಹಿಂದೆ ಉಳಿದದ್ದು ದೊಡ್ಡಮ್ಮ ಒಂದೇ. ಅದು ಬಾನಿಗೆ ಕೈ ಹಾಕಿ ಸತ್ತ ಮರಿಯನ್ನು ಎತ್ತಿಕೊಳ್ಳುತ್ತಿತ್ತು.

ಜನರನ್ನು ಕಂಡು ಅದು ಓಡಿತು. ಬೇವಿನ ಮರದ ಕಡೆಗಲ್ಲ, ಧರಣಿಯ ಕಡೆಗೆ. ಮರಿಯನ್ನು ಎದೆಗೆ ಅವುಚಿಕೊಂಡು ಅವಳ ಕಾಲ ಹಿಂದೆ ಮುದುಡಿ ಕೂತು, ಒದ್ದೆ ಕೈಯಿಂದ ಅವಳ ಪ್ಯಾಂಟಿನ ಅಂಚು ಹಿಡಿಯಿತು.

"ಸರೀರಿ ಮೇಡಂ!" ಶಿವರಾಮುವಿನ ಕಣ್ಣು ಕೆಂಡವಾಗಿತ್ತು.

"ಇದಲ್ಲ ಕಚ್ಚಿದ್ದು! ಆ ಗಂಡು ಕಚ್ಚಿದ್ದು, ಇದು ಏನೂ ಮಾಡಿಲ್ಲ..."

"ನನ್ ತಮ್ಮನ ಕಾಲು ನೋಡ್ರಿ ಮೊದ್ಲು! ಸರೀತೀರೋ ಇಲ್ವೋ?"

ಪೈಪು ಅವಳ ಚಪ್ಪಲಿಯ ಪಕ್ಕದ ಕಲ್ಲಿಗೆ ಬಡಿದು ಕಿಡಿ ಹಾರಿಸಿತು. ಮತ್ತೆ ಮೇಲೆದ್ದಿತು. ಧರಣಿ ಕಾಲು ತೆಗೆದಳು.

ಯಾರಾದರೂ ತೆಗೆಯುತ್ತಿದ್ದರು ಎನ್ನಿ. ಮೂಳೆ ಯಾರಿಗೂ ಪುಕ್ಕಟೆ ಸಿಕ್ಕಿದ್ದಲ್ಲ. ಆದರೆ ದೊಡ್ಡಮ್ಮ ನಂಬಿದ್ದು ಯಾರನ್ನೋ ಅಲ್ಲ, ಇವಳನ್ನು. ಪ್ಯಾಂಟಿನ ಅಂಚು ಹಿಡಿದ ಆ ಕೈ ಎಳೆದುಕೊಂಡು ಬಂತು, ಬಟ್ಟೆ ಪರ್ರೆಂದು ಹರಿಯಿತು. ಮೊದಲ ಏಟು ಸೊಂಟ ಮುರಿಯಿತು. ಅದು ಮರಿಯನ್ನು ಬಿಡಲಿಲ್ಲ. ಎರಡನೆಯದು ಭುಜಕ್ಕೆ. ಆಮೇಲೆ ಬ್ಯಾಟಿನವನು ಬಂದ, ಹಾರೆಯವನು ಬಂದ. ಯಾವ ಏಟು ಯಾರದೆಂದು ಹೇಳುವಂತಿರಲಿಲ್ಲ. ಟ್ಯಾಂಕಿನ ಸಿಟ್ಟು, ನೀರಿಲ್ಲದ ಸಿಟ್ಟು, ಮನೆಯೊಳಗಿನ ಸಿಟ್ಟು, ಎಲ್ಲವನ್ನೂ ಆ ಒಂದು ಹಿಡಿ ಮೈಮೇಲೆ ಇಳಿಸಿದರು. ದೊಡ್ಡಮ್ಮ ಕೊನೆಯವರೆಗೂ ಧರಣಿಯ ಮುಖವನ್ನೇ ನೋಡುತ್ತಿತ್ತು, ತನಗೆ ಮುಖ ಎಂಬುದು ಇದ್ದಷ್ಟು ಹೊತ್ತು.

"ಅಯ್ಯೋ ನಿಮ್ ಕೈ ಸೇದ್ಹೋಗ!" ಪದ್ಮಾವತಿ ಎದೆ ಬಡಿದುಕೊಂಡಳು. "ಇವತ್ತು ಶನಿವಾರ ಕಣ್ರೋ! ಆಂಜನೇಯನ್ನ ಹೊಡೆದು ಸಾಯಿಸ್ಬುಟ್ರಲ್ರೋ!"

ಆಗ ಪೈಪು ಕೆಳಗೆ ಬಿತ್ತು.

ಅಲ್ಲಿಂದ ಮುಂದಿನದೆಲ್ಲ ಭಯಭಕ್ತಿಯ ಕೆಲಸ. ಅಮರನನ್ನು ಆಸ್ಪತ್ರೆಗೆ ಸಾಗಿಸಿದರು. ದೊಡ್ಡಮ್ಮನ ಹೆಣ ತೊಳೆದು, ಒಡೆದ ತಲೆ ಕಾಣದಂತೆ ಕೆಂಪು ಶಲ್ಯ ಸುತ್ತಿ, ಅರಿಶಿನ ಕುಂಕುಮ ಬಳಿದು ಕುರ್ಚಿಯಲ್ಲಿ ಕೂರಿಸಿದರು. ಸತ್ತ ಮರಿಯನ್ನು ತೊಡೆಯ ಮೇಲೆ ಮಲಗಿಸಿದರು. ಶಿವರಾಮು ತಲೆ ಬೋಳಿಸಿಕೊಂಡು ಬಂದು ಗೊಳೋ ಎಂದು ಅತ್ತ. ಅದು ನಾಟಕವಲ್ಲ, ನಿಜವಾಗಿಯೇ ಅತ್ತ. ಮಧ್ಯಾಹ್ನದೊಳಗೆ ಫ್ಲೆಕ್ಸ್ ಎದ್ದಿತು: 'ವಿದ್ಯುತ್ ತಗುಲಿ ದೈವಾಧೀನರಾದ ಆಂಜನೇಯಸ್ವಾಮಿಗೆ ಭಾವಪೂರ್ಣ ಶ್ರದ್ಧಾಂಜಲಿ.' ಕೋತಿ ತಾನು ಬೆಣ್ಣೆ ತಿಂದು ಮೇಕೆ ಮೂತಿಗೆ ಒರೆಸಿತಂತೆ. ಇಲ್ಲಿ ಮನುಷ್ಯರು ಕೋತಿಯನ್ನೇ ಕೊಂದು ಕರೆಂಟು ತಂತಿಗೆ ಒರೆಸಿದರು.

ಪಾರ್ಕಿನ ನಡುವೆಯೇ ಗುಂಡಿ ತೋಡಿ ಹೂಳಿದರು. ಮೇಲೊಂದು ಗುಡಿ ಕಟ್ಟುವುದೆಂದು ಆಯಿತು. ಸದ್ಯಕ್ಕೆ ಪೂಜೆಗೆ ಪೀಠ ಬೇಕಲ್ಲ? ಕಲ್ಲುಬಾನಿಯನ್ನು ಬೋರಲು ಹಾಕಿ, ಅದರ ಮೇಲೆ ಆಂಜನೇಯನ ಫೋಟೊ ಇಟ್ಟರು. ಅದರಲ್ಲಿದ್ದ ಕೆಂಪು ನೀರು ಹುಲ್ಲಿನ ಮೇಲೆ ಹರಿದು ಹೋಯಿತು. ಇನ್ನು ಕೋತಿಗಳು ಎಲ್ಲಿ ಕುಡಿಯಬೇಕು ಎಂದು ಯಾರೂ ಕೇಳಲಿಲ್ಲ.

"ಮೇಡಂ ಎರಡು ಮಾತಾಡ್ಲಿ," ಎಂದು ಯಾರೋ ಮೈಕು ಅವಳ ಕೈಗೆ ಕೊಟ್ಟರು. "ಕೋತಿ ವಿಷ್ಯ ಅವರಿಗಿಂತ ಚೆನ್ನಾಗಿ ಯಾರ್ಗೆ ಗೊತ್ತು?"

ಧರಣಿಯ ಪ್ಯಾಂಟಿನ ಹರಿದ ಅಂಚು ಇನ್ನೂ ಜೋಲಾಡುತ್ತಿತ್ತು. "ಕರೆಂಟ್ ಹೊಡೆದಿಲ್ಲ," ಎಂದಳು. "ನೀವು ಹೊಡೆದಿದ್ದು. ಬಾನಿ ಇಲ್ಲಿ ಇಡಬಾರದು ಅಂತ ನನಗೆ ಗೊತ್ತಿತ್ತು, ಹೇಳಲಿಲ್ಲ. ಅದು ನನ್ನ ಕಾಲ ಹಿಂದೆ ಬಂದಾಗ ನಾನು..."

ಶಿವರಾಮು ತಲೆ ತಗ್ಗಿಸಿದ. ಯಾರೋ ಮೈಕಿನ ವೈರು ಕಿತ್ತರು. ತಮಟೆ ಶುರುವಾಯಿತು. 

ಅವಳು ಮೈಕು ಕೆಳಗಿಟ್ಟು ಪದ್ಮಾವತಿಯ ಮನೆಗೆ ಹೋದಳು. ಪದ್ಮಾವತಿ ಅಡುಗೆಗೆಂದು ಹಿಡಿದಿಟ್ಟಿದ್ದ ನೀರಲ್ಲಿ ಒಂದು ಬಕೆಟ್ ತುಂಬಿ ಕೊಟ್ಟಳು. ಧರಣಿ ಅದನ್ನು ಎರಡೂ ಕೈಯಲ್ಲಿ ಹೊತ್ತು ಬೇವಿನ ಮರದ ಕಡೆ ನಡೆದಳು. ಕೊಂಬೆಗಳ ಮೇಲೆ ಗುಂಪು ಕೂತಿತ್ತು. ಮರಿ ಕಳೆದುಕೊಂಡ ತಾಯಿ, ದೊಡ್ಡಮ್ಮನ ಮಗಳು, ಎಲ್ಲಕ್ಕಿಂತ ಕೆಳಗಿನ ಕೊಂಬೆಯಲ್ಲಿತ್ತು. ದಿನವೂ ಅವಳ ತಲೆಗೂದಲು ಎಳೆದು ಆಡುತ್ತಿದ್ದ ಪುಂಡ ಮರಿಗಳೂ ಇದ್ದವು. ಬಾಯಾರಿ ಎಲ್ಲವೂ ತುಟಿ ನೆಕ್ಕಿಕೊಳ್ಳುತ್ತಿದ್ದವು.

"ಬನ್ನಿ," ಎಂದಳು ಧರಣಿ. "ನೀರು ತಂದಿದ್ದೀನಿ, ಬನ್ನಿ."

ಆ ತಾಯಿ ಅವಳನ್ನು ನೋಡಿತು. ಬಾಯಿ ತೆರೆದು ಕೀರಲು ದನಿಯಲ್ಲಿ ಕೂಗಿತು, ಮತ್ತೆ ಕೂಗಿತು. ಅದು ಯಾವ ಕೂಗು ಎಂದು ಧರಣಿ ಯಾರನ್ನೂ ಕೇಳಬೇಕಿರಲಿಲ್ಲ. ನಾಯಿ ಬಂದರೆ, ದೊಣ್ಣೆ ಹಿಡಿದವರು ಬಂದರೆ, ಮರಿಗಳನ್ನು ಎತ್ತಿಕೊಂಡು ಓಡಿ ಎಂದು ಕೂಗುವ ಕೂಗು. ಅದನ್ನು ಎಷ್ಟೋ ಸಲ ರೆಕಾರ್ಡ್ ಮಾಡಿಕೊಂಡಿದ್ದಳು. ತನ್ನನ್ನು ಕಂಡು ಅವು ಕೂಗಿದ್ದು ಇದೇ ಮೊದಲು.

ಇಡೀ ಮರ ಒಮ್ಮೆಗೇ ಅಲುಗಾಡಿತು. ತಾಯಂದಿರು ಮರಿಗಳನ್ನು ಹೊಟ್ಟೆಗೆ ಅವುಚಿಕೊಂಡು ಕೊಂಬೆಯಿಂದ ಟೆರೇಸಿಗೆ, ಟೆರೇಸಿನಿಂದ ಟೆರೇಸಿಗೆ ಹಾರಿ ಹೋದವು. ಧರಣಿ ತುಂಬಿದ ಬಕೆಟ್ ಹಿಡಿದು ಖಾಲಿ ಮರದ ಕೆಳಗೆ ನಿಂತೇ ಇದ್ದಳು.