ತಿರುವಿಗೆ ಹೊಡೆದ ನೀರು

"ಚಾವಿ ಕೊಡು," ಎಂದು ಮನೋಹರ್ ಕೈ ಚಾಚಿದ.

ಜಡೆಪ್ಪ ನೀರಿನ ಟ್ಯಾಂಕರಿನಿಂದ ಇಳಿದು, ಕೈಯನ್ನು ಲುಂಗಿಗೆ ಒರೆಸಿಕೊಂಡು ಚಾವಿ ಕೊಟ್ಟ. ಅವನ ಹಿಂದೆ ಎರಡು ಕಿಲೋಮೀಟರ್ ಅದಿರು ರಸ್ತೆ ಕೆಂಪಗೆ ಹೊಳೆಯುತ್ತಿತ್ತು. ಗಣಿ ಲಾರಿಗಳ ಧೂಳು ಅಡಗಿಸಲು ನಾಲ್ಕು ವರ್ಷದಿಂದ ದಿನಾ ಬೆಳಿಗ್ಗೆ ಐದಕ್ಕೆ ಅವನು ಇಲ್ಲಿ ನೀರು ಹೊಡೆಯುತ್ತಿದ್ದ. ಈ ಭಾನುವಾರ ಲಾರಿಗಳಿರಲಿಲ್ಲ. ಓಟದ ಪಂದ್ಯಕ್ಕೆ ಏಳು ದೇಶಗಳ ರ್‍ಯಾಲಿ ಕಾರುಗಳು ಸಂಡೂರಿನ ಗುಡ್ಡದಿಂದ ಇಳಿದು ಬರುವುದಿತ್ತು. ಜಡೆಪ್ಪ ಎರಡು ಟ್ಯಾಂಕರ್ ಹೆಚ್ಚಿಗೇ ಹೊಡೆದಿದ್ದ.

"ಇವತ್ತು ರಜಾ ಅಂತ ಹೇಳಿದ್ದಿಲ್ಲೇನು? ಒಣಾ ರಸ್ತಿ ಅಂತ ನೋಡಿಕೊಂಡು ಅದಕ್ಕ ತಕ್ಕ ಟೈರ್ ಹಾಕ್ಯಾರ ಅವರು!" ಮನೋಹರ್ ಗಣಿಯ ಸೂಪರ್‌ವೈಸರ್, ರಸ್ತೆ ಅವನ ಜವಾಬ್ದಾರಿ.

"ಪರದೇಶದಿಂದ ಬರಾಕತ್ಯಾರ್ರಿ ಸಾರ್. ಮನಿಗೆ ಬೀಗ್ರು ಬರ್ತಾರಂದ್ರ ಅಂಗಳಕ್ಕ ನೀರು ಹೊಡೀದ ಇರ್ತಾರೇನ್ರಿ?"

"ಬೀಗ್ರು ಜಾರಿ ಬಿದ್ರ?"

ಇದು ಜಡೆಪ್ಪನಿಗೆ ಹೊಳೆದಿರಲಿಲ್ಲ.

"ಒಂದು ಕಾರು ನಿಂತ್ರೂ ನಾಳಿಂದ ಈ ಟ್ಯಾಂಕರ್ ಬ್ಯಾರೆಯವ್ರು ಹೊಡೀತಾರ," ಎಂದು ಮನೋಹರ್ ಚಾವಿಯನ್ನು ಜೇಬಿಗಿಳಿಸಿದ.

ರಸ್ತೆಯ ತಿರುವಿನ ಮೇಲಿನ ದಿಬ್ಬದಲ್ಲಿ ಪಾಪಿನಾಯಕನಹಳ್ಳಿಯ ಜನ ಆಗಲೇ ಕೂತಿದ್ದರು. ಮಿರ್ಚಿ ಮಾರುತ್ತಿದ್ದ ಗಾಳೆಮ್ಮ ಕೂಗಿದಳು: "ಜಡೆಪ್ಪಣ್ಣ, ನೀರೇನೋ ಹಾಕೀದಿ, ರಂಗೋಲಿ ಬಿಡಾದು ಮರ್ತಿಯೇನು?"

ಮೊದಲ ಕಾರು ನೀಲಿಯದು. ತಿರುವಿಗೆ ಬಂದದ್ದೇ ಅದರ ಬಾಲ ಹೊರಳಿತು, ಇಡೀ ಕಾರು ಅಡ್ಡಡ್ಡ ಜಾರಿತು. ಜಡೆಪ್ಪ ಕಣ್ಣು ಮುಚ್ಚಿಕೊಂಡ. ಜನ ಹೋ ಎಂದರು. ಕಣ್ಣು ಬಿಟ್ಟಾಗ ಕಾರು ಹೋಗಿಯಾಗಿತ್ತು. ಎರಡನೆಯದೂ ಹಾಗೇ ಪಾರಾಯಿತು. ಮೂರನೆಯ ಹಳದಿ ಕಾರು ಮಾತ್ರ ಜಾರುತ್ತಾ ಹೋಗಿ ಹಿಂದಿನ ಗಾಲಿಗಳನ್ನು ಚರಂಡಿಗಿಳಿಸಿ ನಿಂತಿತು.

ಪಂದ್ಯದ ಅಧಿಕಾರಿಗಳು ಬಾವುಟ ಬೀಸಿ ಓಟ ನಿಲ್ಲಿಸಿದರು. ಕಾರಿನಿಂದ ಇಬ್ಬರು ಇಳಿದರು. ಓಡಿಸುತ್ತಿದ್ದವಳು ಹೆಲ್ಮೆಟ್ ತೆಗೆದು ಗಡಿಯಾರ ನೋಡಿಕೊಂಡಳು. ಹತ್ತು ಮಂದಿ ನೂಕಿದರು; ನಾಲ್ಕು ಮಂದಿ ಬಿದ್ದರು.

"ಎಳೆಯಲು ದೊಡ್ಡ ಗಾಡಿ ಇದೆಯೇ?" ಎಂದು ಅಧಿಕಾರಿ ಮನೋಹರನನ್ನು ಕೇಳಿದ.

ಮನೋಹರ್ ಟ್ಯಾಂಕರ್ ಕಡೆ ನೋಡಿದ. "ಎಳೀತೀಯೇನು?"

"ಚಾವಿ ನಿಮ್ಮ ಕಿಸೇದಾಗ ಐತ್ರಿ."

ದಿಬ್ಬವೆಲ್ಲ ನಕ್ಕಿತು. ಮನೋಹರ್ ಚಾವಿ ಎಸೆದ.

ಜಡೆಪ್ಪ ಅವಸರ ಮಾಡಲಿಲ್ಲ. ಬುಟ್ಟಿಗಟ್ಟಲೆ ಒಣ ಜಲ್ಲಿ ತರಿಸಿ ಗಾಲಿಗಳ ಕೆಳಗೆ ಸುರಿಸಿದ. ಟ್ಯಾಂಕರಿನಲ್ಲಿ ಇನ್ನೂ ಅರ್ಧ ನೀರಿತ್ತು. ಆ ಭಾರಕ್ಕೆ ಟ್ಯಾಂಕರ್ ಜಾರದೆ ನೆಲ ಕಚ್ಚಿ, ಕಾರನ್ನು ಮೇಲಕ್ಕೆಳೆಯಿತು.

ಕೆಂಪು ಕೆಸರು ಸಿಡಿದ ಮುಖದ ಆ ಹೆಣ್ಣುಮಗಳು ನಗುತ್ತಾ ಅವನಿಗೆ ತನ್ನ ಭಾಷೆಯಲ್ಲಿ ಏನೋ ಹೇಳಿ, ಕಾರು ಹತ್ತಿ ಹೋದಳು.

"ಏನಂದ್ಲಣ್ಣಾ?" ಎಂದಳು ಗಾಳೆಮ್ಮ.

"ನೀರು ಭಾಳಾತು ಅಂದ್ಲು."

ಮನೋಹರ್ ಹತ್ತಿರ ಬಂದ. ಜಡೆಪ್ಪ ಚಾವಿ ಹಿಡಿದ ಕೈ ಚಾಚಿದ. ಮನೋಹರ್ ಕೈ ಮುಂದೆ ಮಾಡಲಿಲ್ಲ. "ಇಟ್ಕೋ. ನಾಳೆ ಐದಕ್ಕ ಬಾ. ಹೇಳಿದಷ್ಟು ಹೊಡಿ, ಸಾಕು."

ಮರುದಿನ ಹೆಡ್‌ಲೈಟಿನ ಬೆಳಕಿನಲ್ಲಿ ತಿರುವು ಕಂಡಿತು. ಕಾರುಗಳು ಜಾರಿದ ಗುರುತುಗಳು ರಂಗೋಲಿಯ ಎಳೆಗಳಂತೆ ಒಂದರೊಳಗೊಂದು ಹೆಣೆದುಕೊಂಡು, ರಸ್ತೆಯ ಈ ಅಂಚಿನಿಂದ ಆ ಅಂಚಿಗೆ ಬಾಗಿ ಒಣಗಿದ್ದವು. ಜಡೆಪ್ಪ ವಾಲ್ವ್ ಮುಚ್ಚಿ, ಅಂಚಿನ ಮೇಲೆ ಒಂದು ಗಾಲಿ ಹತ್ತಿಸಿ ನಿಧಾನ ದಾಟಿದ. ಆಮೇಲೆ ವಾಲ್ವ್ ತೆರೆದ. ಮೊದಲ ಲಾರಿ ಬರಲು ಇನ್ನೂ ಒಂದು ಗಂಟೆಯಿತ್ತು.